ಚಾವಡಿ, ಸಮಾಜ ಮಂದಿರ, ಸಮುದಾಯ ಭವನ: ಜತ್ತ ಸೀಮೆಯ ಊರಿನ ವಾರ ಮತ್ತು ಅದರ ಭಾಷೆಗಳು

೧

ಮರಾಠಿಯಲ್ಲಿ ವಾರಕ್ಕೆ ‘ಆಠವಡಾ’ ಎನ್ನುತ್ತಾರೆ. ಏಳು ದಿನಗಳ ಆವರ್ತಕ್ಕೆ ಎಂಟರ ಹೆಸರು. ಉತ್ತರ ಕರ್ನಾಟಕದ ಕನ್ನಡದಲ್ಲಿಯೂ ಲೆಕ್ಕ ಇದೇ. ‘ಎಂಟು ದಿನಕ್ಕೊಮ್ಮೆ ಸಂತೆ’ ಎಂದರೆ ವಾರಕ್ಕೊಮ್ಮೆ ಎಂದೇ ಅರ್ಥ. ಎಣಿಸಲು ತೊಡಗಿದ ದಿನವನ್ನೂ ಮರಳಿ ಬಂದ ದಿನವನ್ನೂ ಸೇರಿಸಿಕೊಳ್ಳುವ ಈ ಎಣಿಕೆ ಎರಡೂ ಭಾಷೆಗಳಿಗೆ ಸಮಾನವಾಗಿದೆ. ಹಾಗೆಯೇ ‘ವಾರ ಹಿಡಿಯುವುದು’ ಎಂದರೆ ಒಂದು ದೇವರ ಹೆಸರಿನಲ್ಲಿ ವಾರದ ಒಂದು ದಿನವನ್ನು ಮೀಸಲಿಡುವುದು. ‘ವಾರಾನ್ನ’ ಎಂದರೆ ಬಡ ವಿದ್ಯಾರ್ಥಿಯೊಬ್ಬ ದಿನಕ್ಕೊಂದು ಮನೆಯಂತೆ ಸರದಿಯಲ್ಲಿ ಉಣ್ಣುವುದು. ಮರಾಠಿಯಲ್ಲಿಯೂ ‘ವಾರ ಲಾವೂನ್ ಜೇವಣೆ’ ಎಂಬ ಮಾತು ಇದೇ ಅರ್ಥದಲ್ಲಿ ಬಳಕೆಯಲ್ಲಿತ್ತು. ವಾರವೆಂಬುದು ಇಲ್ಲಿ ಕೇವಲ ಕಾಲಮಾನವಲ್ಲ. ಊರು ತನ್ನ ಹೊಣೆಗಳನ್ನೂ ಜಾಗಗಳನ್ನೂ ಹಂಚಿಕೊಳ್ಳುವ ಕ್ರಮ.

ಸಮುದಾಯ ಕೇಂದ್ರವನ್ನು ಕುರಿತ ಚರಿತ್ರೆಯು ಸಾಮಾನ್ಯವಾಗಿ ಕಟ್ಟಡದ ಚರಿತ್ರೆಯಾಗಿರುತ್ತದೆ: ಯಾವ ಯೋಜನೆಯಲ್ಲಿ ಮಂಜೂರಾಯಿತು, ಯಾರು ಅಡಿಗಲ್ಲಿಟ್ಟರು, ಎಷ್ಟು ವೆಚ್ಚವಾಯಿತು. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಹಳ್ಳಿಗಳ ಮಟ್ಟಿಗೆ ಈ ದಾರಿ ಸಾಲದು. ಅಲ್ಲಿ ಊರಿನ ‘ಕೇಂದ್ರ’ ಬಹುಕಾಲ ಒಂದೇ ಕಟ್ಟಡವಾಗಿರಲಿಲ್ಲ. ಸೋಮವಾರ ಬಸವಣ್ಣನ ಗುಡಿ, ಶನಿವಾರ ಹಣಮಪ್ಪನ ಗುಡಿ, ವಸೂಲಿಯ ದಿನ ಚಾವಡಿ, ಸಂಜೆ ಗರಡಿ, ಬೇಸಿಗೆಯ ಮಧ್ಯಾಹ್ನ ಬೇವಿನ ಕಟ್ಟೆ – ಹೀಗೆ ಕೇಂದ್ರವು ದಿನದಿಂದ ದಿನಕ್ಕೆ, ಹೊತ್ತಿನಿಂದ ಹೊತ್ತಿಗೆ ಜಾಗ ಬದಲಿಸುತ್ತಿತ್ತು. ಜಾಗ ಬದಲಾದಂತೆ ಭಾಷೆಯೂ ಬದಲಾಗುತ್ತಿತ್ತು. ಈ ವಾರದ ಸರದಿಯನ್ನು ಹಿಡಿದು ನೋಡಿದರೆ, ಗಡಿವಿವಾದದ ಅಂಕಿಸಂಖ್ಯೆಗಳಲ್ಲಿ ಕಾಣದ ಒಂದು ಭಾಷಾಚರಿತ್ರೆ ತೆರೆದುಕೊಳ್ಳುತ್ತದೆ.

೨

ಜತ್ತ ತಾಲೂಕಿನಲ್ಲಿ ಅಸಂಗಿ ಎಂಬ ಹೆಸರಿನ ಎರಡು ಊರುಗಳಿವೆ. ದಫ್ತರಗಳಲ್ಲಿ ಒಂದು ‘ಅಸಂಗಿ ಜತ್ತ’, ಇನ್ನೊಂದು ‘ಅಸಂಗಿ ತುರ್ಕ’. ಒಂದೇ ಹೆಸರಿನ ಎರಡು ಊರುಗಳನ್ನು ಬೇರ್ಪಡಿಸಲು ಬಾಲಪದ ಸೇರಿಸುವುದು ದಖ್ಖನಿನ ಕಂದಾಯ ಪದ್ಧತಿಯ ಹಳೆಯ ವಾಡಿಕೆ. ಬುದ್ರುಕ, ಖುರ್ದ ಎಂಬ ಪಾರಸಿ ಮೂಲದ ಬಾಲಪದಗಳು ಭೀಮೆಯ ಎರಡೂ ದಂಡೆಗಳಲ್ಲಿ ಇಂದಿಗೂ ಉಳಿದಿವೆ. ಊರಿನವರ ಬಾಯಲ್ಲಿ ಕನ್ನಡ, ದಫ್ತರದಲ್ಲಿ ಮರಾಠಿ, ದಫ್ತರದ ಪರಿಭಾಷೆಯಲ್ಲಿ ಪಾರಸಿ – ಈ ಮೂರು ಪದರಗಳು ಊರಿನ ಹೆಸರಿನ ಮಟ್ಟದಲ್ಲಿಯೇ ಕೂಡಿಕೊಂಡಿವೆ.

ಈ ಪದರಗಳಿಗೆ ರಾಜಕೀಯ ಚರಿತ್ರೆಯ ಹಿನ್ನೆಲೆಯಿದೆ. ಆದಿಲಶಾಹಿಯ ಕಾಲದಲ್ಲಿ ಡಫಳಾಪುರದ ಪಾಟೀಲಿಕೆಯಿಂದ ಮೇಲೆ ಬಂದ ಡಫಳೆ ಮನೆತನ ಜತ್ತ, ಕರಜಗಿ ಮೊದಲಾದ ಪರಗಣೆಗಳ ದೇಶಮುಖಿಯನ್ನು ಪಡೆಯಿತು. 1849ರಲ್ಲಿ ಸಾತಾರೆಯ ರಾಜ್ಯ ಬ್ರಿಟಿಷರ ವಶವಾದ ಮೇಲೆ ಜತ್ತ ಅವರ ಅಧೀನ ಸಂಸ್ಥಾನವಾಯಿತು. ಮುಂದೆ ಅದು ಬಿಜಾಪುರ ಏಜೆನ್ಸಿಗೆ ಒಳಪಟ್ಟಿತು. 1917ರಲ್ಲಿ ಡಫಳಾಪುರ ಜಹಗೀರು ಜತ್ತದಲ್ಲಿ ಸೇರಿತು. ಹೀಗೆ ಬಹುಪಾಲು ಕನ್ನಡ ಹಳ್ಳಿಗಳು, ಮರಾಠಿ ಮಾತಾಡುವ ಅರಮನೆ, ಕನ್ನಡ ಜಿಲ್ಲೆಯ ಕಲೆಕ್ಟರನ ಮೇಲ್ವಿಚಾರಣೆ – ಎಲ್ಲವೂ ಒಂದೇ ಸೀಮೆಯಲ್ಲಿ ಕೂಡಿದ್ದವು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1949ರಲ್ಲಿ ರಚನೆಯಾದ ದಕ್ಷಿಣ ಸಾತಾರಾ ಜಿಲ್ಲೆಗೆ ಜತ್ತ ಸೇರಿತು. ಆ ಜಿಲ್ಲೆಗೆ 1960ರಲ್ಲಿ ಸಾಂಗ್ಲಿ ಎಂಬ ಹೆಸರಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬಿಜಾಪುರ ಮೈಸೂರು ರಾಜ್ಯಕ್ಕೆ ಹೋಯಿತು, ಜತ್ತ ಮುಂಬಯಿಯಲ್ಲಿಯೇ ಉಳಿಯಿತು. 1967ರಲ್ಲಿ ಸಲ್ಲಿಕೆಯಾದ ಮಹಾಜನ ಆಯೋಗದ ವರದಿ ಜತ್ತ ತಾಲೂಕಿನ ಹಲವು ಹಳ್ಳಿಗಳನ್ನು ಮೈಸೂರು ರಾಜ್ಯಕ್ಕೆ ಸೇರಿಸಲು ಶಿಫಾರಸು ಮಾಡಿತಾದರೂ ಅದು ಜಾರಿಗೆ ಬರಲಿಲ್ಲ.

೩

ಚಾವಡಿ ಊರಿನ ಆಡಳಿತದ ಮನೆ. ಗೌಡ ಅಥವಾ ಪಾಟೀಲ, ಕುಲಕರ್ಣಿ, ವಾಲೀಕಾರ – ಇವರ ಮೂಲಕ ನಡೆಯುತ್ತಿದ್ದ ವಸೂಲಿ, ಪಂಚಾಯಿತಿ, ಜಾತ್ರೆಯ ಪಟ್ಟಿ, ಬೆಳೆಯ ಅಂದಾಜು ಎಲ್ಲಕ್ಕೂ ಅದೇ ತಾಣ. ಅಲ್ಲಿ ನಡೆಯುತ್ತಿದ್ದ ಮಾತು ಕನ್ನಡ. ಕುಲಕರ್ಣಿ ಬರೆಯುತ್ತಿದ್ದ ಕಾಗದ ಮೋಡಿ ಲಿಪಿಯ ಮರಾಠಿ. ರೈತನೊಬ್ಬ ಕನ್ನಡದಲ್ಲಿ ಹೇಳಿದ ತಕರಾರು ಮರಾಠಿಯ ದಾಖಲೆಯಾಗಿ, ಮತ್ತೆ ಕನ್ನಡದಲ್ಲಿ ಓದಿ ಹೇಳಲ್ಪಟ್ಟು, ಹೆಬ್ಬೆಟ್ಟಿನ ಗುರುತು ಪಡೆಯುತ್ತಿತ್ತು. ಅನುವಾದವೆಂಬುದು ಈ ಸೀಮೆಯಲ್ಲಿ ಸಾಹಿತ್ಯದ ಚಟುವಟಿಕೆಯಾಗುವ ಮೊದಲೇ ಕಂದಾಯದ ಚಟುವಟಿಕೆಯಾಗಿತ್ತು. ಎರಡೂ ಭಾಷೆಗಳನ್ನು ಬಲ್ಲವನ ಕೈಯಲ್ಲಿ ಅಧಿಕಾರವಿತ್ತು. ಕನ್ನಡ ಮಾತ್ರ ಬಲ್ಲವನಿಗೆ ಬರೆದುದರ ಮೇಲೆ ಹಿಡಿತವಿರಲಿಲ್ಲ.

ಚಾವಡಿಯನ್ನು ‘ಊರಿನ ಒಗ್ಗಟ್ಟಿನ ಸಂಕೇತ’ವೆಂದು ಬಣ್ಣಿಸುವ ರೂಢಿಯಿದೆ. ಆದರೆ ಚಾವಡಿಯ ಕಟ್ಟೆ ಎಲ್ಲರಿಗೂ ಏರಲು ಇರಲಿಲ್ಲ. ಹೆಂಗಸರು ಅಲ್ಲಿ ಕೂಡುತ್ತಿರಲಿಲ್ಲ; ದಲಿತರು ಕೆಳಗೆ ನಿಂತು ಮಾತಾಡಬೇಕಿತ್ತು, ಊರ ಚಾಕರಿಗೆ ಕರೆ ಬಂದರೆ ಓಡಬೇಕಿತ್ತು. ಮಹಾರ ವತನದ ಹೆಸರಿನಲ್ಲಿ ನಡೆಯುತ್ತಿದ್ದ ಈ ಬಿಟ್ಟಿ ಚಾಕರಿಯನ್ನು ಕೊನೆಗಾಣಿಸುವ ಉದ್ದೇಶದಿಂದ ಡಾ. ಬಿ. ಆರ್. ಅಂಬೇಡ್ಕರರು 1928ರಲ್ಲಿಯೇ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದ್ದರು. ಕುಲಕರ್ಣಿ ವತನವು 1950ರ ಕಾಯಿದೆಯಿಂದ, ಕೆಳಸ್ತರದ ಗ್ರಾಮ ವತನಗಳು 1958ರ ಕಾಯಿದೆಯಿಂದ, ಪಾಟೀಲಿಕೆ 1962ರ ಕಾಯಿದೆಯಿಂದ ರದ್ದಾದವು. ಹನ್ನೆರಡು ವರ್ಷಗಳ ಅಂತರದಲ್ಲಿ ಚಾವಡಿಯನ್ನು ಚಾವಡಿಯಾಗಿಸಿದ್ದ ಮೂರೂ ಆಧಾರಗಳು ಕಳಚಿದವು. ಕಟ್ಟಡ ತಲಾಠಿಯ ಕಚೇರಿಯಾಗಿ ಮುಂದುವರಿಯಿತು, ಹೆಸರೂ ಉಳಿಯಿತು.

೪

ಚಾವಡಿಗೆ ಹೊರತಾದ ವಾರ ಬೇರೆಯದೇ ಲಯದಲ್ಲಿ ನಡೆಯುತ್ತಿತ್ತು. ಸೋಮವಾರ ಎತ್ತಿನ ಹೆಗಲಿಗೆ ನೊಗವಿಡಬಾರದೆಂಬ ನಂಬಿಕೆ ಈ ಭಾಗದ ಒಕ್ಕಲುತನದಲ್ಲಿ ಬಲವಾಗಿತ್ತು. ದುಡಿಮೆಗೆ ಬಿಡುವು ಸಿಕ್ಕ ದಿನವೇ ಗುಡಿಯಲ್ಲಿ ಕೂಡುವ ದಿನವಾಯಿತು. ಮಂಗಳವಾರ, ಶುಕ್ರವಾರ ದೇವಿಯರದು, ಗುರುವಾರ ಗುರುವಿನದು, ಶನಿವಾರ ಹಣಮಪ್ಪನದು, ಆದಿತ್ಯವಾರ ಮೈಲಾರ–ಖಂಡೋಬನದು. ಈ ಕೊನೆಯ ಜೋಡಿ ಹೆಸರೇ ಹೇಳುವಂತೆ, ದೇವರು ಒಬ್ಬನೇ ಆಗಿದ್ದು ಭಾಷೆಗೊಂದು ಹೆಸರು ಪಡೆದಿರುವುದು ಇಲ್ಲಿ ಅಪರೂಪವಲ್ಲ.

ಭಜನೆಯ ಭಾಷೆಯನ್ನು ಗಮನಿಸಿದರೆ ಸೀಮೆಯ ಸ್ವರೂಪ ಇನ್ನಷ್ಟು ಸ್ಪಷ್ಟವಾಗುತ್ತದೆ. ಜತ್ತ ತಾಲೂಕಿನ ಉಮದಿಯವರಾದ ಭಾಊಸಾಹೇಬ ಮಹಾರಾಜರು (1843–1914) ಕನ್ನಡದಲ್ಲಿ ಉಪದೇಶ ನೀಡಿದ ನಿಂಬರ್ಗಿ ಮಹಾರಾಜರ ಪರಂಪರೆಗೆ ಸೇರಿದವರು. ನಿಂಬರ್ಗಿ ಮಹಾರಾಜರ ಬೋಧೆ ‘ಬೋಧಸುಧೆ’ ಎಂಬ ಕನ್ನಡ ಗ್ರಂಥದಲ್ಲಿ ಸಂಗ್ರಹವಾಗಿದೆ. ಭಾಊಸಾಹೇಬರು ಇಂಚಗೇರಿಯಲ್ಲಿ ಸ್ಥಾಪಿಸಿದ ಮಠದ ನಿತ್ಯಕ್ರಮದಲ್ಲಿ ಸಮರ್ಥ ರಾಮದಾಸರ ಮರಾಠಿ ‘ದಾಸಬೋಧ’ದ ಪಠಣವೂ ಕನ್ನಡ ಮತ್ತು ಮರಾಠಿ ಭಜನೆಗಳೂ ಜೊತೆಯಾಗಿ ಸೇರಿದವು. ಈ ಪರಂಪರೆಯ ಒಂದು ಕವಲು ಸಿದ್ಧರಾಮೇಶ್ವರ ಮಹಾರಾಜರ ಮೂಲಕ ಮುಂಬಯಿಯ ನಿಸರ್ಗದತ್ತ ಮಹಾರಾಜರವರೆಗೆ ಹಬ್ಬಿ ಜಗತ್ತಿನ ಗಮನ ಸೆಳೆಯಿತು. ಇನ್ನೊಂದು ಕವಲಿನಲ್ಲಿ ಜಮಖಂಡಿಯಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಮರಾಠಿ ಸಂತರನ್ನು ಕುರಿತು 1933ರಲ್ಲಿಯೂ ಕನ್ನಡ ಅನುಭಾವಿಗಳನ್ನು ಕುರಿತು ಮುಂದೆಯೂ ಇಂಗ್ಲಿಷಿನಲ್ಲಿ ಗ್ರಂಥ ರಚಿಸಿದರು. ಎರಡು ಸಾಹಿತ್ಯಗಳನ್ನು ಒಂದೇ ತತ್ತ್ವದ ಎರಡು ಮುಖಗಳಾಗಿ ಓದುವ ರಾನಡೆಯವರ ದೃಷ್ಟಿಗೆ ವಿಶ್ವವಿದ್ಯಾಲಯದ ತೌಲನಿಕ ಅಧ್ಯಯನವಷ್ಟೇ ಮೂಲವಲ್ಲ. ಎರಡೂ ಭಾಷೆಗಳಲ್ಲಿ ಹಾಡುವ ಭಜನೆಯ ಸಾಲು ಅದಕ್ಕೆ ಮೊದಲೇ ಇತ್ತು. ಕಾಖಂಡಕಿಯ ಮಹಿಪತಿದಾಸರು 17ನೆಯ ಶತಮಾನದಲ್ಲಿಯೇ ಎರಡೂ ಭಾಷೆಗಳಲ್ಲಿ ಪದ ರಚಿಸಿದ್ದರು.

ಹಾಡಿನ ಇತರ ಪ್ರಕಾರಗಳಲ್ಲಿಯೂ ಇಂಥ ಜೋಡಿಗಳಿವೆ. ಕನ್ನಡ ಲಾವಣಿಯ ಹರದೇಶಿ–ನಾಗೇಶಿ ಪಕ್ಷಗಳು ಶಿವ ಮೇಲೋ ಶಕ್ತಿ ಮೇಲೋ ಎಂದು ಸವಾಲು–ಜವಾಬಿನಲ್ಲಿ ರಾತ್ರಿಯಿಡೀ ವಾದಿಸುತ್ತವೆ. ಮರಾಠಿಯ ತುರಾ–ಕಲಗಿ ಪಕ್ಷಗಳ ವಾದವೂ ಇದೇ. ಹಾಲುಮತದವರ ಡೊಳ್ಳಿನ ಪದಗಳು ಬೀರದೇವರು, ಮಾಳಿಂಗರಾಯರ ಕಥೆಗಳನ್ನು ಹೇಳುತ್ತವೆ. ದೀಪಾವಳಿಯ ಅಮಾವಾಸ್ಯೆಗೆ ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ ಪಾಲಕಿಗಳು ಕೂಡುವಾಗ ಎರಡೂ ರಾಜ್ಯಗಳ ಭಕ್ತರು ಸೇರುತ್ತಾರೆ. ಉಮರಾಣಿಯಲ್ಲಿ ಹುಟ್ಟಿ ಗುಡ್ಡಾಪುರದಲ್ಲಿ ನೆಲೆಸಿದ ಹನ್ನೆರಡನೆಯ ಶತಮಾನದ ಶರಣೆ ದಾನಮ್ಮನ ಜಾತ್ರೆಗೆ ಕರ್ನಾಟಕದಿಂದ ಕಾಲ್ನಡಿಗೆಯಲ್ಲಿ ಬರುವವರಿಗೆ ಜತ್ತ ತಾಲೂಕಿನ ಊರುಗಳೇ ತಂಗುದಾಣ. ವರ್ಷಕ್ಕೊಮ್ಮೆ ಬರುವ ಈ ಜಾತ್ರೆಗಳಿಗೆ ಬೇಕಾದ ಹಾಡುಗಾರಿಕೆ ಸಿದ್ಧವಾಗುತ್ತಿದ್ದುದು ಊರಿನ ವಾರದ ಭಜನೆಯಲ್ಲಿ, ಗರಡಿಯ ಹೊರಗಿನ ಕಟ್ಟೆಯಲ್ಲಿ. ಜಾತ್ರೆ ಕಣ್ಣಿಗೆ ಬೀಳುತ್ತದೆ. ಅದನ್ನು ಸಾಧ್ಯವಾಗಿಸುವ ವಾರದ ರೂಢಿ ದಾಖಲೆಗೆ ಬರುವುದಿಲ್ಲ.

೫

ಸ್ವಾತಂತ್ರ್ಯದ ನಂತರ ಊರಿನ ಕೂಟಕ್ಕೆ ಸರ್ಕಾರ ಹೊಸ ರೂಪ ಕೊಡಲು ಯತ್ನಿಸಿತು. 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮವು ಯುವಕ ಮಂಡಳ, ಮಹಿಳಾ ಮಂಡಳ, ವಯಸ್ಕರ ಶಿಕ್ಷಣ ಮೊದಲಾದವನ್ನು ಹಳ್ಳಿಗೆ ತಂದಿತು. 1959ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಆರಂಭವಾದ ‘ಗ್ರಾಮ ಶಿಕ್ಷಣ ಮೊಹೀಮ’ ಊರಿಗೆ ಊರೇ ಅಕ್ಷರ ಕಲಿಯುವ ಚಳವಳಿಯಾಗಿ ರಾಜ್ಯಕ್ಕೆ ಹರಡಿತು. 1958ರ ಗ್ರಾಮ ಪಂಚಾಯಿತಿ ಕಾಯಿದೆ ಗ್ರಾಮಸಭೆಗೆ ಬಲ ನೀಡಿತು. 1962ರ ಮೇ 1ರಿಂದ ಜಿಲ್ಲಾ ಪರಿಷತ್ತು, ಪಂಚಾಯತ್ ಸಮಿತಿಗಳು ಕೆಲಸ ಆರಂಭಿಸಿದವು. ಈ ವ್ಯವಸ್ಥೆಯ ಕಟ್ಟಡರೂಪವೇ ‘ಸಮಾಜ ಮಂದಿರ’.

ಈ ಕಾಲದ ಕೂಟಕ್ಕೆ ರೇಡಿಯೊ ಹೊಸ ನೆಪವಾಯಿತು. 1956ರಲ್ಲಿ ಯುನೆಸ್ಕೊ ನೆರವಿನಿಂದ ಆಕಾಶವಾಣಿಯ ಪುಣೆ ಕೇಂದ್ರವು ಮರಾಠಿ ಭಾಷೆಯ ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ರೇಡಿಯೊ ಕೂಟಗಳ ಪ್ರಯೋಗ ನಡೆಸಿತು. ವಾರಕ್ಕೆ ಎರಡು ಬಾರಿಯಂತೆ ಇಪ್ಪತ್ತು ಕಾರ್ಯಕ್ರಮಗಳು. ಗುಂಪಾಗಿ ಕೇಳುವುದು, ಕೇಳಿದ್ದನ್ನು ಚರ್ಚಿಸುವುದು, ಪ್ರಶ್ನೆಗಳನ್ನು ಕೇಂದ್ರಕ್ಕೆ ಕಳುಹಿಸುವುದು ಅದರ ಕ್ರಮ. ಹಳ್ಳಿಗೆ ಮಾಹಿತಿ ಮುಟ್ಟಿಸುವುದಷ್ಟೇ ಅಲ್ಲ, ಹಳ್ಳಿಯವರು ಚರ್ಚಿಸಿ ತೀರ್ಮಾನಕ್ಕೆ ಬರುವಂತೆ ಮಾಡುವುದು ಅದರ ಗುರಿಯಾಗಿತ್ತು. ಆದರೆ ಚರ್ಚೆಯ ಭಾಷೆ ಪ್ರಸಾರದ ಭಾಷೆಯೇ ಆಗಿರುತ್ತದೆಂಬುದು ಇಡೀ ಪ್ರಯೋಗದ ಹಿಂದಿದ್ದ ಎಣಿಕೆ. ಗಡಿಭಾಗದಲ್ಲಿ ಆ ಎಣಿಕೆ ನಿಲ್ಲುವುದಿಲ್ಲ. ಧಾರವಾಡ ಕೇಂದ್ರ 1950ರಲ್ಲಿ, ಸಾಂಗ್ಲಿ ಕೇಂದ್ರ 1963ರಲ್ಲಿ ಆರಂಭವಾದವು. ಹೊಲ, ಗೊಬ್ಬರ, ಸಾಲದ ಯೋಜನೆಗಳು ಯಾವ ರಾಜ್ಯದವೋ ಆ ರಾಜ್ಯದ ಕೇಂದ್ರವನ್ನು ತಿಳಿವಳಿಕೆಗಾಗಿ ಕೇಳಬೇಕು. ಹಾಡು, ನಾಟಕ, ವಚನಗಳಿಗೆ ಇನ್ನೊಂದನ್ನು. ಒಂದೇ ಪೆಟ್ಟಿಗೆಯ ಮುಳ್ಳನ್ನು ಅತ್ತಿತ್ತ ತಿರುಗಿಸುವುದರಲ್ಲಿಯೇ ಭಾಷೆಗಳ ಹೊಸ ಹಂಚಿಕೆ ನಡೆಯಿತು: ಪ್ರಯೋಜನಕ್ಕೆ ಮರಾಠಿ, ಮನಸ್ಸಿಗೆ ಕನ್ನಡ.

ಸಮಾಜ ಮಂದಿರವನ್ನು ಮರಾಠಿಯ ಹೇರಿಕೆ ಎಂದು ಮಾತ್ರ ಓದುವುದು ಸರಿಯಾಗದು. ಮಹಾರಾಷ್ಟ್ರದಲ್ಲಿ ದಲಿತ ವಸತಿಗಳಲ್ಲಿಯೂ ಸಮಾಜ ಮಂದಿರಗಳು ಎದ್ದವು. ಚಾವಡಿಯ ಕಟ್ಟೆ ಏರಲಾಗದಿದ್ದವರಿಗೆ ತಮ್ಮದೇ ಛಾವಣಿಯ ಕೆಳಗೆ ಕುಳಿತು ಮಾತಾಡುವ ಜಾಗ ದೊರೆತದ್ದು ಮರಾಠಿ ಹೆಸರಿನ ಈ ಕಟ್ಟಡದಲ್ಲಿ. ಅಂಬೇಡ್ಕರ ಜಯಂತಿಯ ಭಾಷಣ, ಹಾಡು, ಗ್ರಂಥಗಳೂ ಮುಖ್ಯವಾಗಿ ಮರಾಠಿಯಲ್ಲಿ ಬಂದವು. ಅಕ್ಕಲಕೋಟೆ ತಾಲೂಕಿನ ಹನ್ನೂರಿನವರಾದ ಶರಣಕುಮಾರ ಲಿಂಬಾಳೆ ತಮ್ಮ ಆತ್ಮಕಥೆ ‘ಅಕ್ಕರಮಾಶಿ’ಯನ್ನು 1984ರಲ್ಲಿ ಪ್ರಕಟಿಸಿದ್ದು ಮರಾಠಿಯಲ್ಲಿ; ಅಕ್ಕಲಕೋಟೆಯೂ ಜತ್ತದಂತೆಯೇ ಕನ್ನಡ ವ್ಯಾಪಕವಾಗಿರುವ ತಾಲೂಕು. ಕನ್ನಡದ ನಷ್ಟವೆಂದು ಒಂದು ಕಡೆಯಿಂದ ಕಾಣುವುದು ಇನ್ನೊಂದು ಕಡೆಯಿಂದ ಮಾತಿನ ಹಕ್ಕಿನ ಗಳಿಕೆಯಾಗಿ ಕಾಣಬಹುದು. ಗಡಿನಾಡ ಕನ್ನಡದ ಚರಿತ್ರೆ ಈ ಎರಡನ್ನೂ ಒಟ್ಟಿಗೆ ಹಿಡಿಯದಿದ್ದರೆ ಅದು ಚಾವಡಿಯ ಕಟ್ಟೆಯ ಮೇಲಿನವರ ಚರಿತ್ರೆಯಾಗಿಯೇ ಉಳಿಯುತ್ತದೆ.

೬

ಹೆಂಗಸರ ವಾರಕ್ಕೆ ಬೇರೆ ಕೇಂದ್ರಗಳಿದ್ದವು: ಬಾವಿಯ ಕಟ್ಟೆ, ದೇವಿಯ ಗುಡಿ, ಎಲ್ಲಕ್ಕಿಂತ ಮೊದಲಾಗಿ ಬೀಸುವ ಕಲ್ಲು. ಭೀಮೆಯ ದಂಡೆಯ ಹಲಸಂಗಿಯ ಗೆಳೆಯರು – ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ರೇವಪ್ಪ ಕಾಪಸೆ – ಈ ಸೀಮೆಯ ಹೆಂಗಸರ ತ್ರಿಪದಿಗಳನ್ನೂ ಗಂಡಸರ ಲಾವಣಿಗಳನ್ನೂ ಸಂಗ್ರಹಿಸಿದರು. ‘ಗರತಿಯ ಹಾಡು’ 1931ರಲ್ಲಿ, ‘ಜೀವನ ಸಂಗೀತ’ 1933ರಲ್ಲಿ ಬೆಳಕು ಕಂಡವು. ಮರಾಠಿಯಲ್ಲಿ ಸಾನೆ ಗುರೂಜಿಯವರು ಓವಿಗಳನ್ನು ಸಂಗ್ರಹಿಸಿದರು. ಹೇಮಾ ರಾಯರಕರ ಮತ್ತು ಗೀ ಪ್ವಾತವ್ಯಾಂ ಅವರ ಯೋಜನೆಯಲ್ಲಿ ಲಕ್ಷಕ್ಕೂ ಮಿಕ್ಕಿ ಬೀಸುವ ಹಾಡುಗಳು ದಾಖಲಾದವು. ಕನ್ನಡದ ತ್ರಿಪದಿ, ಮರಾಠಿಯ ಓವಿ ಎರಡೂ ಒಂದೇ ಕಲ್ಲಿನ ಸುತ್ತಿಗೆ ಹೊಂದಿದ ಛಂದಸ್ಸುಗಳು. ತವರು, ಅಣ್ಣ, ಮಗು, ಪಂಢರಪುರ ಎಂಬ ವಸ್ತುಗಳೂ ಎರಡರಲ್ಲಿಯೂ ಸಮಾನ. ಹಿಟ್ಟಿನ ಗಿರಣಿ ಬಂದ ಮೇಲೆ ಬೆಳಗಿನ ದುಡಿಮೆ ಹಗುರವಾಯಿತು; ಹಾಡು ಕಟ್ಟುವ ಹೊತ್ತೂ ಇಲ್ಲವಾಯಿತು.

1972–73ರ ಬರಗಾಲ ಹೆಂಗಸರನ್ನು ದೊಡ್ಡ ಸಂಖ್ಯೆಯಲ್ಲಿ ಮನೆಯಿಂದ ರಸ್ತೆ ಮತ್ತು ಕೆರೆಗಳ ಕೆಲಸಕ್ಕೆ ತಂದಿತು. ಆ ಕಾಲದ ಪರಿಹಾರ ಕಾಮಗಾರಿಗಳ ಅನುಭವದಿಂದಲೇ ರೂಪುಗೊಂಡ ಮಹಾರಾಷ್ಟ್ರದ ಉದ್ಯೋಗ ಖಾತ್ರಿ ಯೋಜನೆಗೆ 1977ರಲ್ಲಿ ಕಾಯಿದೆಯ ಬಲ ಬಂತು. ಅಲ್ಲಿ ವಾರವೆಂದರೆ ಹಾಜರಿ ಮತ್ತು ಪಗಾರದ ವಾರ. ಹಾಜರಿಪಟದಲ್ಲಿ ಹೆಸರು ಬರೆಯುವ ಲಿಪಿ ದೇವನಾಗರಿ. ಇತ್ತೀಚಿನ ದಶಕಗಳಲ್ಲಿ ಹೆಂಗಸರ ವಾರದ ಕೂಟಕ್ಕೆ ‘ಬಚತ ಗಟ’ ಆಧಾರವಾಗಿದೆ. ನಿಯಮಿತ ಸಭೆ, ನಿಯಮಿತ ಉಳಿತಾಯ, ಒಳಸಾಲ, ಮರುಪಾವತಿ, ಸರಿಯಾದ ಲೆಕ್ಕ – ಇವು ಸ್ವಸಹಾಯ ಗುಂಪುಗಳ ಪಂಚಸೂತ್ರ. ಚಾವಡಿಯ ಕಾಲದ ದೃಶ್ಯವೇ ಇಲ್ಲಿ ಬೇರೆ ರೂಪದಲ್ಲಿ ಮರುಕಳಿಸುತ್ತದೆ: ಮಾತು ಕನ್ನಡ, ಇತಿವೃತ್ತ ಮರಾಠಿ. ವ್ಯತ್ಯಾಸವೊಂದಿದೆ. ಬರೆಯುವವಳು ವತನದಾರಳಲ್ಲ, ಶಾಲೆಯಲ್ಲಿ ಮರಾಠಿ ಕಲಿತು ಬಂದ, ಗುಂಪೇ ಆರಿಸಿದ ಹೆಣ್ಣುಮಗಳು. ದಾಖಲೆಯ ಭಾಷೆ ಬದಲಾಗಿಲ್ಲ. ದಾಖಲೆಯ ಮೇಲಿನ ಹಿಡಿತ ಬದಲಾಗಿದೆ.

೭

ಹಾಗಾದರೆ ಬರೆಯುವ ಕನ್ನಡಕ್ಕೆ ಊರಿನ ವಾರದಲ್ಲಿ ಉಳಿದ ಜಾಗ ಯಾವುದು? ಮುಖ್ಯವಾಗಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ರಾಜ್ಯ ಪಠ್ಯಪುಸ್ತಕ ಮಂಡಳಿ, ಅಂದರೆ ‘ಬಾಲಭಾರತಿ’, ಕನ್ನಡದಲ್ಲಿಯೂ ಪಠ್ಯ ಪ್ರಕಟಿಸುತ್ತ ಬಂದಿದೆ. ಸಂವಿಧಾನದ 350-ಎ ವಿಧಿ ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಶಾಲೆಗೆ 40 ಅಥವಾ ತರಗತಿಗೆ 10 ಮಕ್ಕಳಿದ್ದರೆ ಶಿಕ್ಷಕರನ್ನು ಕೊಡಬೇಕೆಂಬ ಸೂತ್ರ 1949ರಷ್ಟು ಹಳೆಯದು. ಅಲ್ಪಸಂಖ್ಯಾತರು ಶೇ. 15ಕ್ಕಿಂತ ಹೆಚ್ಚಿರುವ ಪ್ರದೇಶದಲ್ಲಿ ಮುಖ್ಯ ಸೂಚನೆಗಳನ್ನು ಅವರ ಭಾಷೆಯಲ್ಲಿಯೂ ಪ್ರಕಟಿಸಬೇಕೆಂಬ ಒಪ್ಪಂದವೂ ಇದೆ. ಈ ರಕ್ಷಣೆಗಳೆಲ್ಲ ಸಂಖ್ಯೆಯನ್ನು ಅವಲಂಬಿಸಿವೆ. ಉದ್ಯೋಗ, ಮೇಲ್ಮಟ್ಟದ ಶಿಕ್ಷಣ, ಇಂಗ್ಲಿಷ್ ಮಾಧ್ಯಮದ ಆಕರ್ಷಣೆಗಳಿಂದ ತರಗತಿ ತೆಳುವಾದಂತೆ ರಕ್ಷಣೆಯೂ ತೆಳುವಾಗುತ್ತದೆ. ಊರಿನ ಬೀದಿಯಲ್ಲಿ ಕನ್ನಡ ತುಂಬಿ ತುಳುಕುತ್ತಿದ್ದರೂ ತರಗತಿಯಲ್ಲಿ ಹತ್ತು ಮಕ್ಕಳಿಲ್ಲದಿದ್ದರೆ ಕಾಗದದ ಮೇಲೆ ಆ ಕನ್ನಡಕ್ಕೆ ಅಸ್ತಿತ್ವವಿಲ್ಲ.

ಗ್ರಂಥಾಲಯದ ಸಂಗತಿ ಇದಕ್ಕೆ ಪೂರಕವಾದ ಪಾಠ ಹೇಳುತ್ತದೆ. ಕರ್ನಾಟಕದ 1965ರ ಕಾಯಿದೆ ಸರ್ಕಾರಿ ಇಲಾಖೆಯೇ ನಡೆಸುವ ಗ್ರಂಥಾಲಯ ಜಾಲವನ್ನು ಕಟ್ಟಿತು. ಮಹಾರಾಷ್ಟ್ರದ 1967ರ ಕಾಯಿದೆಯ ವ್ಯವಸ್ಥೆಯಲ್ಲಿ ಊರಿನ ಸಂಘವೊಂದು ನಡೆಸುವ ವಾಚನಾಲಯಕ್ಕೆ ವರ್ಗಾನುಸಾರ ಅನುದಾನ ದೊರೆಯುತ್ತದೆ. ಎರಡನೆಯ ಪದ್ಧತಿಯಲ್ಲಿ ಊರಿನವರ ಉಪಕ್ರಮಕ್ಕೆ ಹೆಚ್ಚಿನ ಅವಕಾಶವಿದೆ. ಕನ್ನಡ ಪುಸ್ತಕಗಳ ವಾಚನಾಲಯವೊಂದು ಸಿದ್ಧಾಂತದಲ್ಲಿ ಈ ವ್ಯವಸ್ಥೆಯೊಳಗೆಯೇ ಬೆಳೆಯಬಲ್ಲದು. ಅದಕ್ಕೆ ಬೇಕಾದದ್ದು ವಾರವಾರ ಬಾಗಿಲು ತೆರೆಯುವವರು, ಪುಸ್ತಕ ಪಡೆದು ಮರಳಿಸುವವರು.

ಇತ್ತ ಕರ್ನಾಟಕವು 2010ರ ಕಾಯಿದೆಯ ಮೂಲಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವನ್ನು ಸ್ಥಾಪಿಸಿತು; ಗಡಿಯಾಚೆಯ ಕನ್ನಡ ಶಾಲೆಗಳಿಗೂ ಸಂಸ್ಥೆಗಳಿಗೂ ಅದರ ನೆರವು ಸಲ್ಲುತ್ತದೆ. ‘ಸಮುದಾಯ ಭವನ’ ಎಂಬ ಮೂರನೆಯ ಹೆಸರು ಈ ಕಡೆಯದು. ಚಾವಡಿ, ಸಮಾಜ ಮಂದಿರ, ಸಮುದಾಯ ಭವನ – ಮೂರೂ ಊರು ಕೂಡುವ ಜಾಗಗಳೇ. ಹೆಸರು ಮಾತ್ರ ಯಾವ ಆಡಳಿತದ ಕಡೆಯಿಂದ ಬಂದಿತೆಂಬುದನ್ನು ಹೇಳುತ್ತದೆ. ಚಾವಡಿಗೆ ವಾರವಿತ್ತು, ಆದರೆ ಎಲ್ಲರಿಗೂ ಪ್ರವೇಶವಿರಲಿಲ್ಲ. ಸಮಾಜ ಮಂದಿರಕ್ಕೆ ಪ್ರವೇಶವಿತ್ತು, ಕಾಗದದಲ್ಲಿ ಕನ್ನಡವಿರಲಿಲ್ಲ. ಸಮುದಾಯ ಭವನದ ಹಲಗೆಯ ಮೇಲೆ ಕನ್ನಡವಿದೆ. ಅದಕ್ಕೆ ವಾರ ದೊರೆಯುವುದೇ ಎಂಬುದು ಪ್ರಶ್ನೆ. ಗದಗದ ತೋಂಟದಾರ್ಯ ಮಠದ ಸೋಮವಾರದ ಶಿವಾನುಭವವು ದಶಕಗಳ ಕಾಲ ನಡೆದುಬಂದದ್ದು ‘ಸೋಮವಾರ ಸಂಜೆ ಅಲ್ಲಿ ಕಾರ್ಯಕ್ರಮವಿದ್ದೇ ಇರುತ್ತದೆ’ ಎಂಬ ಜನರ ಭರವಸೆಯಿಂದ. ಮದುವೆ ಮತ್ತು ಉದ್ಘಾಟನೆಗಳಿಗೆ ಮಾತ್ರ ತೆರೆಯುವ ಭವನಕ್ಕೆ ಅಂಥ ಭರವಸೆ ಹುಟ್ಟಿಸಲು ಆಗದು.

೮

2012ರಲ್ಲಿ ಜತ್ತ ತಾಲೂಕಿನ ನಲವತ್ತರಷ್ಟು ಹಳ್ಳಿಗಳ ಪಂಚಾಯಿತಿಗಳು ಕರ್ನಾಟಕಕ್ಕೆ ಸೇರುವ ಠರಾವು ಮಾಡಿದವು. 2022ರ ನವೆಂಬರಿನಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳು ಅದನ್ನು ನೆನಪಿಸಿದಾಗ ವಿವಾದ ಮತ್ತೆ ಎದ್ದಿತು. ಠರಾವಿನ ಮೂಲದಲ್ಲಿದ್ದುದು ನೀರಿನ ಬೇಡಿಕೆ. ವಿವಾದದ ಬಿಸಿಯಲ್ಲಿಯೇ ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ತಾಲೂಕಿನೊಳಗೆ ಹರಿಯಿತು, ಮ್ಹೈಸಾಳ ಯೋಜನೆಯ ವಿಸ್ತರಣೆಗೂ ವೇಗ ಬಂತು. ಎರಡೂ ರಾಜ್ಯಗಳಲ್ಲಿ ಇದನ್ನು ಭಾಷಾನಿಷ್ಠೆಯ ಮತದಾನವೆಂದು ಓದಲಾಯಿತು. ಆದರೆ ಬರದ ಸೀಮೆಯ ಗ್ರಾಮಸಭೆಯೊಂದು ಎರಡು ಸರ್ಕಾರಗಳಿಗೂ ಕೇಳಿಸುವಂತೆ ಮಾತಾಡಲು ಕಂಡುಕೊಂಡ ದಾರಿಯೆಂದೂ ಅದನ್ನು ಓದಬಹುದು. ಮಾತಾಡಲು ಜಾಗವಿದ್ದುದರಿಂದಲೇ ಅದು ಸಾಧ್ಯವಾಯಿತು.

ಭಾಷಿಕ ಅಲ್ಪಸಂಖ್ಯಾತರ ಅಧ್ಯಯನವು ಈವರೆಗೆ ಹೆಚ್ಚಾಗಿ ಜನಗಣತಿಯ ಶೇಕಡಾವಾರು, ಶಾಲೆಗಳ ಸಂಖ್ಯೆ, ನ್ಯಾಯಾಲಯದ ದಾವೆಗಳನ್ನು ಆಧರಿಸಿದೆ. ಅವು ಅಗತ್ಯ. ಅಸಂಗಿಯಂಥ ಊರಿನ ಒಂದು ವಾರವನ್ನು ದಿನದಿನವೂ ಗಮನಿಸಿ, ಯಾವ ಜಾಗದಲ್ಲಿ ಯಾರು ಕೂಡುತ್ತಾರೆ, ಯಾವ ಭಾಷೆಯಲ್ಲಿ ಮಾತಾಡುತ್ತಾರೆ, ಯಾವ ಲಿಪಿಯಲ್ಲಿ ಬರೆಯುತ್ತಾರೆ, ಯಾರು ಹೊರಗುಳಿಯುತ್ತಾರೆ ಎಂಬುದನ್ನು ದಾಖಲಿಸುವ ಕೆಲಸ ಅಷ್ಟೇ ಅಗತ್ಯ. ಆಡುವ ಕನ್ನಡ ಇಲ್ಲಿ ಸದ್ಯಕ್ಕೆ ಅಪಾಯದಲ್ಲಿಲ್ಲ. ಅಪಾಯದಲ್ಲಿರುವುದು ಓದುವ ಮತ್ತು ಬರೆಯುವ ಕನ್ನಡ. ಹಾಡು ಬಾಯಲ್ಲಿದ್ದು ಅಕ್ಷರ ಕೈತಪ್ಪಿದ ಸಮುದಾಯವು ತನ್ನ ಚರಿತ್ರೆಗೆ ಇನ್ನೊಂದು ಭಾಷೆಯ ದಫ್ತರವನ್ನೇ ಅವಲಂಬಿಸಬೇಕಾಗುತ್ತದೆ, ಚಾವಡಿಯ ಕಾಲದ ರೈತನಂತೆ. ಸಮಾಜ ಮಂದಿರದ ಒಂದು ಮೂಲೆಯಲ್ಲಿ ಕನ್ನಡ ಪುಸ್ತಕಗಳ ಕಪಾಟು, ಬಚತ ಗಟದ ಲೆಕ್ಕದ ಬದಿಗೆ ಕನ್ನಡದ ಇತಿವೃತ್ತ, ಶನಿವಾರದ ಭಜನೆಯ ಪದಗಳನ್ನು ಬರೆದಿಡುವ ವಹಿ – ಇವಕ್ಕೆ ಹೊಸ ಕಟ್ಟಡ ಬೇಕಿಲ್ಲ, ಗಡಿರೇಖೆ ಬದಲಾಗಬೇಕಿಲ್ಲ. ವಾರದಲ್ಲಿ ಒಂದು ದಿನ ಗೊತ್ತುಮಾಡಿಕೊಳ್ಳಬೇಕು.